‘ಟೈಮ್ಸ್ ಅಪ್’ ಕೇಳೋದು ಹೇಗೆ: ಗಿಟಾರನ್ನು ಕೊನೆಗೆ ಇಟ್ಟುಕೊಳ್ಳಿ

ಲಿವಿಂಗ್ ಕಲರ್ ಬ್ಯಾಂಡ್ ಅಂದರೆ ನಮ್ಮಲ್ಲಿ ಜಾಸ್ತಿ ಜನಕ್ಕೆ ಗೊತ್ತಿರುವುದು ಒಂದೇ ಹಾಡು, ‘ಕಲ್ಟ್ ಆಫ್ ಪರ್ಸನಾಲಿಟಿ’. ಡಬ್ಲ್ಯುಡಬ್ಲ್ಯುಇ ಕುಸ್ತಿ ನೋಡುವವರಿಗೆ ಅದು ಸಿಎಂ ಪಂಕ್ ರಿಂಗಿಗೆ ಬರುವಾಗಿನ ಹಾಡು. ಜಿಟಿಎ ಸ್ಯಾನ್ ಆಂಡ್ರಿಯಾಸ್ ಆಡಿದವರಿಗೆ ಕದ್ದ ಕಾರಿನ ರೇಡಿಯೋ ಹಾಡು. ಅದನ್ನು ಕೇಳಿ ಖುಷಿಯಾಗಿ, ಸರಿ, ಇವರದ್ದು ಇನ್ನೇನಿದೆ ನೋಡೋಣ ಅಂತ 1990ರ ‘ಟೈಮ್ಸ್ ಅಪ್’ ಆಲ್ಬಮ್ ಹಾಕುತ್ತಾರೆ, ಹತ್ತು ನಿಮಿಷಕ್ಕೆ ತಲೆ ಚಿಟ್ಟು ಹಿಡಿದು ನಿಲ್ಲಿಸುತ್ತಾರೆ. ತಪ್ಪೇನಿಲ್ಲ. ನಾನೂ ಮೊದಲ ಸಲ ಹಾಗೇ ನಿಲ್ಲಿಸಿದ್ದೆ.

ಯಾಕೆ ಹಾಗಾಗುತ್ತೆ ಅಂದರೆ, ಮೊದಲ ಹಾಡು ಗಡಿಯಾರದ ಟಿಕ್ ಟಿಕ್ ಸದ್ದಿನಿಂದ ಶುರುವಾಗಿ, ಬಾಗಿಲು ಒದ್ದು ಒಳಗೆ ನುಗ್ಗಿದವರ ಹಾಗೆ ಮೈಮೇಲೆ ಬೀಳುತ್ತದೆ. ಎರಡನೆಯದರಲ್ಲಿ ಹಾಡೇ ಇಲ್ಲ, ಬರೀ ಮಾತು ಮತ್ತು ಚರ್ಮವಾದ್ಯ, ತೀರಾ ಚಿಕ್ಕದು. ಮೂರನೆಯದು ಮತ್ತೆ ಭಾರೀ ಗಿಟಾರ್. ನಾಲ್ಕನೆಯದು ಬೆಣ್ಣೆ ಹಾಗೆ ಜಾರಿಕೊಂಡು ಹೋಗುವ ಹಾಡು. ಇದೇನು ಒಂದೇ ಬ್ಯಾಂಡಾ, ಇಲ್ಲ ನಾಲ್ಕು ಬ್ಯಾಂಡಿನ ಹಾಡುಗಳನ್ನು ಒಟ್ಟು ಮಾಡಿದ್ದಾರಾ ಅನ್ನಿಸುತ್ತದೆ. ಮೆಟಲ್, ಫಂಕ್, ಜಾಜ್ ಮೂರೂ ಬಗೆಯ ಸಂಗೀತ ಇದೆ ಅಂತ ಯಾರೋ ಹೇಳಿರುತ್ತಾರೆ, ನಾವು ಕೂತು ‘ಇದು ಮೆಟಲ್, ಇದು ಫಂಕ್, ಜಾಜ್ ಎಲ್ಲಿ ಬಂತು?’ ಅಂತ ಹುಡುಕುತ್ತಾ ಇರುತ್ತೇವೆ. ಅಲ್ಲೇ ಎಡವಟ್ಟಾಗುವುದು. ಬಿಸಿಬೇಳೆಬಾತ್ ತಿನ್ನುವಾಗ ಬೇಳೆ ಯಾವುದು, ಅನ್ನ ಯಾವುದು ಅಂತ ಬೇರೆ ಮಾಡುತ್ತಾ ಕೂತರೆ ರುಚಿ ಸಿಗುತ್ತಾ?

ನಾನು ಹೇಳುವ ದಾರಿ ಬೇರೆ. ಕೆಳಗಿನಿಂದ ಮೇಲಕ್ಕೆ ಕೇಳಿ. ಮೊದಲು ಬೇಸ್, ಅಂದರೆ ಕೆಳಗಿನ ಸ್ವರಗಳ ಗಿಟಾರ್, ಆಮೇಲೆ ಹಾಡುಗಾರ, ಆಮೇಲೆ ಡ್ರಮ್ಸ್, ಕೊನೆಗೆ ಗಿಟಾರ್ ಒಂಟಿಯಾಗಿ ಮುಂದೆ ಬಂದು ನುಡಿಸುವ ಸೋಲೋ. ಒಂದೇ ದಿನದಲ್ಲಿ ಮುಗಿಸುವ ಕೆಲಸ ಅಲ್ಲ ಇದು, ಒಂದು ವಾರ ಇಟ್ಟುಕೊಳ್ಳಿ.

ಶುರು ಮಾಡುವ ಮೊದಲು ಎರಡು ಮೂರು ಸಣ್ಣ ಕೆಲಸ ಇದೆ. ಫೋನಿನ ಸ್ಪೀಕರ್‌ನಲ್ಲಿ ಕೇಳಬೇಡಿ, ದಯವಿಟ್ಟು. ನಾಲ್ಕು ತಂತಿಯ ಬೇಸ್ ಗಿಟಾರಿನ ಎಲ್ಲಕ್ಕಿಂತ ಕೆಳಗಿನ ಸ್ವರ ಸುಮಾರು 41 ಹರ್ಟ್ಸ್. ಬೆರಳುಗುರು ಗಾತ್ರದ ಆ ಸ್ಪೀಕರ್‌ಗೆ ಅಷ್ಟು ಕೆಳಗೆ ಹೋಗಲು ಸಾಧ್ಯವೇ ಇಲ್ಲ. ಅಂದರೆ ಯಾವುದನ್ನು ಮೊದಲು ಕೇಳಿ ಅಂತ ಹೇಳುತ್ತಿದ್ದೀನೋ ಅದೇ ನಿಮ್ಮ ಕಿವಿಗೆ ಬರುವುದಿಲ್ಲ, ಉಳಿಯುವುದು ಬರೀ ಕಿರಿಚಾಟ, ಆಮೇಲೆ ಬ್ಯಾಂಡಿಗೆ ಬೈಯುತ್ತೀರಿ. ಸಾಧಾರಣ ತಂತಿಯ ಇಯರ್‌ಫೋನ್ ಇದ್ದರೂ ಸಾಕು, ಕಿವಿಯಲ್ಲಿ ಸರಿಯಾಗಿ ಕೂರಬೇಕು ಅಷ್ಟೇ. ಸಡಿಲ ಇದ್ದರೆ ಬೇಸ್ ಸೋರಿ ಹೋಗುತ್ತದೆ. ಆ್ಯಪಿನಲ್ಲಿ ಷಫಲ್ ಆಫ್ ಮಾಡಿ. ಒಂದು ಹಾಡಿನ ಬಾಲಕ್ಕೆ ಇನ್ನೊಂದರ ತಲೆ ಸೇರಿಸುವ ಕ್ರಾಸ್‌ಫೇಡ್ ಇದ್ದರೆ ಅದನ್ನೂ ತೆಗೆಯಿರಿ. ಈಕ್ವಲೈಸರ್‌ನಲ್ಲಿ ‘ರಾಕ್’ ಅಂತ ಒಂದು ಗುಂಡಿ ಇರುತ್ತಲ್ವಾ, ಅದನ್ನು ಮುಟ್ಟಲೇಬೇಡಿ. ಇನ್ನೊಂದು ವಿಷಯ, 1990ರ ಹೊತ್ತಿನ ಸಿಡಿಗಳನ್ನು ಆಮೇಲಿನವುಗಳ ಹಾಗೆ ಕಿವಿ ಹರಿಯುವಷ್ಟು ಜೋರಾಗಿ ಮಾಸ್ಟರ್ ಮಾಡುತ್ತಿರಲಿಲ್ಲ, ಹಾಗಾಗಿ ಸದ್ದು ಕಮ್ಮಿ ಅನ್ನಿಸಿದರೆ ವಾಲ್ಯೂಮ್ ಎರಡು ಮನೆ ಜಾಸ್ತಿ ಮಾಡಿ.

ಈಗ ಯಾರು ಯಾರು ಇದ್ದಾರೆ ಅಂತ ತಿಳಿದುಕೊಂಡರೆ ಒಳ್ಳೆಯದು, ಹೆಸರು ಗೊತ್ತಿದ್ದರೆ ಕಿವಿ ಹಿಂಬಾಲಿಸುವುದು ಸುಲಭ. ನಾಲ್ಕೇ ಜನ. ಗಿಟಾರ್ ವರ್ನನ್ ರೀಡ್, ಬೇಸ್ ಮಝ್ ಸ್ಕಿಲ್ಲಿಂಗ್ಸ್, ಡ್ರಮ್ಸ್ ವಿಲ್ ಕ್ಯಾಲ್ಹೂನ್, ಹಾಡುವವನು ಕೋರಿ ಗ್ಲೋವರ್. ನ್ಯೂಯಾರ್ಕ್‌ನ ಬ್ಯಾಂಡ್, ನಾಲ್ವರೂ ಕಪ್ಪು ಜನ. ರೀಡ್ ಹುಟ್ಟಿದ್ದು ಲಂಡನ್ನಿನಲ್ಲಿ, ಬೆಳೆದದ್ದು ಬ್ರೂಕ್ಲಿನ್‌ನಲ್ಲಿ. ಈ ಬ್ಯಾಂಡಿಗಿಂತ ಮೊದಲು ರೊನಾಲ್ಡ್ ಶಾನನ್ ಜ್ಯಾಕ್ಸನ್ ಎಂಬ ಜಾಜ್ ಡ್ರಮ್ಮರ್‌ನ ‘ಡಿಕೋಡಿಂಗ್ ಸೊಸೈಟಿ’ ತಂಡದಲ್ಲಿ ಗಿಟಾರ್ ನುಡಿಸುತ್ತಿದ್ದ. ಆ ಜ್ಯಾಕ್ಸನ್ ಅದಕ್ಕೂ ಮುಂಚೆ ಜಾಜ್ ಸ್ಯಾಕ್ಸೊಫೋನ್ ವಾದಕ ಆರ್ನೆಟ್ ಕೋಲ್ಮನ್ ಜೊತೆ ನುಡಿಸಿದವನು. ಕ್ಯಾಲ್ಹೂನ್ ಬಾಸ್ಟನ್ನಿನ ಬರ್ಕ್ಲಿ ಸಂಗೀತ ಕಾಲೇಜಿನಲ್ಲಿ ಕಲಿತು ಬಂದವನು. ಗ್ಲೋವರ್ ನಟ ಕೂಡ, 1986ರ ‘ಪ್ಲಟೂನ್’ ಸಿನಿಮಾದಲ್ಲಿ ಅವನನ್ನು ನೋಡಬಹುದು. ನಿರ್ಮಾಪಕ ಎಡ್ ಸ್ಟೇಸಿಯಂ. ಆಲ್ಬಮ್‌ನಲ್ಲಿ ಒಟ್ಟು 15 ಟ್ರ್ಯಾಕ್, ಒಂದು ಗಂಟೆಗೆ ಸ್ವಲ್ಪ ಕಮ್ಮಿ.

ಸರಿ, ಮೊದಲ ದಿನ. ಒಂದನೇ ಹಾಡಿನಿಂದ ಶುರು ಮಾಡಬೇಡಿ. ನಾಲ್ಕನೆಯದು ಹಾಕಿ, ‘ಲವ್ ರಿಯರ್ಸ್ ಇಟ್ಸ್ ಅಗ್ಲಿ ಹೆಡ್’.

ಇದು ನನಗೆ ಗೊತ್ತಾಗಿದ್ದು ಬುದ್ಧಿಯಿಂದಲ್ಲ, ಅಪಘಾತದಿಂದ. ಮೈಸೂರಿನಲ್ಲಿ ಹಾಸ್ಟೆಲ್‌ನಲ್ಲಿದ್ದಾಗ ಸೀನಿಯರ್ ಒಬ್ಬರು ಕ್ಯಾಸೆಟ್ ಕೊಟ್ಟಿದ್ದರು. ಎರಡನೇ ಸಲ ಹಾಕಿದಾಗ ನಮ್ಮ ಟೇಪ್ ರೆಕಾರ್ಡರ್ ರೀಲನ್ನು ತಿಂದು ಹಾಕಿತು. ಪೆನ್ಸಿಲ್ ತೂರಿಸಿ ಮೆಲ್ಲಗೆ ಸುತ್ತಿ ಸರಿ ಮಾಡಿದೆವು, ಆದರೆ ಶುರುವಿನ ಭಾಗ ಸುಕ್ಕಾಗಿತ್ತು, ಅಲ್ಲಿಗೆ ಬಂದರೆ ಮತ್ತೆ ಸಿಕ್ಕಿಕೊಳ್ಳುತ್ತೇನೋ ಅಂತ ಭಯ. ಹಾಗಾಗಿ ಯಾವಾಗ ಹಾಕಿದರೂ ಮೊದಲು ಒಂದಷ್ಟು ಮುಂದಕ್ಕೆ ಓಡಿಸಿ, ಸುಮಾರಾಗಿ ನಾಲ್ಕನೇ ಹಾಡಿನಿಂದ ಕೇಳುವುದು ರೂಢಿಯಾಯಿತು. ರೂಮ್‌ಮೇಟ್ ಮೃದಂಗ ಕಲಿತವನು, ರಾಕ್ ಅಂದರೆ ಮೂಗು ಮುರಿಯುವವನು. ಒಂದು ಸಂಜೆ ಈ ಹಾಡು ಬರುತ್ತಿದ್ದಾಗ ಪುಸ್ತಕದಿಂದ ತಲೆ ಎತ್ತದೆ ಸುಮ್ನೆ ತೊಡೆ ಮೇಲೆ ತಾಳ ಹಾಕಲು ಶುರು ಮಾಡಿದ. ಎರಡು ಆವರ್ತ ಆದ ಮೇಲೆ, ‘ಲೋ, ಇವನು ಹುಸಿ ಮೇಲೆ ಹೊಡೀತಾನೆ ಕಣೋ’ ಅಂದ.

ನೀವೂ ಅದನ್ನೇ ಮಾಡಿ. ಆದಿತಾಳ ಹಾಕಲು ಬಂದರೆ ಸಾಕು. ಒಂದು ಪೆಟ್ಟು, ಆಮೇಲೆ ಕಿರುಬೆರಳು, ಉಂಗುರಬೆರಳು, ನಡುಬೆರಳು, ಆಮೇಲೆ ಪೆಟ್ಟು, ಹುಸಿ, ಪೆಟ್ಟು, ಹುಸಿ. ಎಂಟು ಎಣಿಕೆ. ಹಾಡಿನ ಎರಡು ಬಾರ್ (ನಾಲ್ಕು ಎಣಿಕೆಗೆ ಒಂದು ಬಾರ್) ನಿಮ್ಮ ಒಂದು ಆವರ್ತಕ್ಕೆ ಸರಿಯಾಗಿ ಕೂರುತ್ತದೆ. ಈಗ ಡ್ರಮ್ಸ್‌ನಲ್ಲಿ ಚಟ್ ಅಂತ ಬೀಳುವ ಸ್ನೇರ್ ಸದ್ದು ಎಲ್ಲಿ ಬರುತ್ತೆ ನೋಡಿ: ಕಿರುಬೆರಳಿಗೆ, ನಡುಬೆರಳಿಗೆ, ಆಮೇಲೆ ಎರಡೂ ಹುಸಿಗೆ. ನಮ್ಮಲ್ಲಿ ಕೈ ತಿರುಗಿಸಿ ಸದ್ದಿಲ್ಲದೆ ಬಿಡುವ ಜಾಗದಲ್ಲಿ ಅವರು ಪೆಟ್ಟು ಹಾಕುತ್ತಾರೆ. ರಾಕ್ ಕೇಳಿ ರೂಢಿ ಇಲ್ಲದವರು ಕಾಲು ಕುಣಿಸುವಾಗ ತಪ್ಪಿಹೋಗುವುದು ಇಲ್ಲೇ. ಒಂದು ಸಲ ಕೈಗೆ ಬಂತೆಂದರೆ ಆಮೇಲೆ ಮರೆಯುವುದಿಲ್ಲ.

ತಾಳ ನಿಂತ ಮೇಲೆ ಬೇಸ್ ಕಡೆ ಹೋಗಿ. ಫಂಕ್‌ನ ಗುಟ್ಟು ಮೊದಲ ಪೆಟ್ಟಿನಲ್ಲಿದೆ. ಫಂಕ್ ಗಾಯಕ ಜೇಮ್ಸ್ ಬ್ರೌನ್ ತನ್ನ ತಂಡದವರಿಗೆ ಕಲಿಸಿದ್ದು ಇದನ್ನೇ, ಎಲ್ಲಿ ಬೇಕಾದರೂ ಓಡಾಡಿ, ಆದರೆ ‘ಒಂದು’ ಬಂದಾಗ ಎಲ್ಲರೂ ಅಲ್ಲಿರಬೇಕು. ನಮ್ಮ ಸಂಗೀತ ಕಚೇರಿಗಳಲ್ಲಿ ಸಮಕ್ಕೆ, ಅಂದರೆ ಆವರ್ತದ ಮೊದಲ ಪೆಟ್ಟಿಗೆ ಬಂದು ಸೇರುತ್ತಾರಲ್ಲ, ಹೆಚ್ಚುಕಮ್ಮಿ ಹಾಗೆ. ಬೇಸಿನವನು ಒಂದರ ಮೇಲೆ ಊರಿ ನಿಲ್ಲುತ್ತಾನೆ, ಆಮೇಲೆ ಜಾಗ ಬಿಡುತ್ತಾನೆ. ಆ ಬಿಟ್ಟ ಜಾಗವನ್ನು ಕೇಳಬೇಕು. ಹೊಸಬರು ಸ್ವರ ಎಣಿಸುತ್ತಾರೆ, ಎಷ್ಟು ಬೇಗ ನುಡಿಸ್ತಾನೆ ಅಂತ ನೋಡುತ್ತಾರೆ. ಈ ಹಾಡಿನಲ್ಲಿ ಸ್ಕಿಲ್ಲಿಂಗ್ಸ್ ಎಲ್ಲಿ ಸುಮ್ಮನಿರುತ್ತಾನೆ ಅಂತ ಗಮನಿಸಿ. ಮೇಲುಗಡೆ ರೀಡ್ ನುಡಿಸುವ ಗಿಟಾರ್ ಕಾರ್ಡ್‌ಗಳು, ಅಂದರೆ ಒಟ್ಟಿಗೆ ಮೀಟುವ ಸ್ವರಗಳ ಗೊಂಚಲುಗಳು, ಸ್ವಚ್ಛವಾಗಿರುತ್ತವೆ, ಗರಗರ ಇಲ್ಲ, ಸಾಮಾನ್ಯ ರಾಕ್‌ನ ಎರಡು ಮೂರು ಸ್ವರದ ಕಾರ್ಡ್‌ಗಿಂತ ಒಂದೆರಡು ಸ್ವರ ಜಾಸ್ತಿ ಸೇರಿರುತ್ತವೆ. ಸಿಹಿಯಲ್ಲಿ ಸ್ವಲ್ಪ ಒಗರು ಇದ್ದ ಹಾಗೆ ಕೇಳುತ್ತದೆ. ಜಾಜ್ ಎಲ್ಲಿ ಅಂತ ಕೇಳಿದಿರಲ್ಲ, ಅದು ಸೂಟ್ ಹಾಕಿಕೊಂಡು ಬೇರೆ ಬಾಗಿಲಿನಿಂದ ಬರುವುದಿಲ್ಲ, ಇಲ್ಲೇ ಈ ಕಾರ್ಡ್ ಒಳಗೆ ಕೂತಿದೆ. ಮದುವೆ ಅಂದರೆ ಬೆವರುವ ಗಂಡಸಿನ ಹಾಡು ಇದು, ತಮಾಷೆಯಾಗಿದೆ. ಇದರ ಒಂದು ರೀಮಿಕ್ಸ್ ಬ್ರಿಟನ್ನಿನಲ್ಲಿ 1991ರಲ್ಲಿ ಚೆನ್ನಾಗಿ ಓಡಿತು. ಅದು ಸಿಕ್ಕರೂ ಮೊದಲು ಆಲ್ಬಮ್‌ನದ್ದೇ ಕೇಳಿ.

ಇದೊಂದೇ ಹಾಡನ್ನು ಮೂರು ಸಲ ಕೇಳಿ ಮಲಗಿ. ನಿಜವಾಗಿಯೂ.

ಎರಡನೇ ದಿನಕ್ಕೆ ‘ಟೈಪ್’. ಇದರಲ್ಲಿ ಮೆಟಲ್ ಗಿಟಾರ್ ಸರಿಯಾಗಿ ಕೇಳಿಸುತ್ತದೆ, ವೇಗ ಮಾತ್ರ ಕಮ್ಮಿ, ಹಾಗಾಗಿ ಹೊಸ ಕಿವಿಗೆ ಅನುಕೂಲ. ಮೆಟಲ್ ಗಿಟಾರಿಸ್ಟ್‌ಗಳು ಬಲಗೈ ಅಂಗೈಯ ಅಂಚನ್ನು ತಂತಿಗಳನ್ನು ಹೊತ್ತಿರುವ ಬ್ರಿಡ್ಜ್ ಹತ್ತಿರ ತಂತಿಗಳ ಮೇಲೆ ಹಗುರಾಗಿ ಇಟ್ಟು ಮೀಟುತ್ತಾರೆ, ತಂತಿ ಪೂರ್ತಿ ಮೊಳಗುವುದಿಲ್ಲ, ಜಗ್ ಜಗ್ ಅಂತ ಕತ್ತರಿಸಿದ ಸದ್ದು ಬರುತ್ತದೆ. ಅದಕ್ಕೆ ಡಿಸ್ಟಾರ್ಷನ್, ಅಂದರೆ ಸದ್ದನ್ನು ಬೇಕೆಂದೇ ಒಡೆದು ಗರಗರ ಮಾಡುವುದು, ಸೇರಿದರೆ ಮೆಟಲ್‌ನ ಅಡಿಪಾಯ ರೆಡಿ. ಈಗ ಯೋಚಿಸಿ, ಹಾಗೆ ಕತ್ತರಿಸಿದ ಗಿಟಾರ್ ಏನು ಮಾಡುತ್ತಿದೆ? ತಾಳ ಕೊಡುತ್ತಿದೆ. ಫಂಕ್ ಗಿಟಾರಿಸ್ಟ್ ಕೂಡ ಎಡಗೈ ಸಡಿಲ ಮಾಡಿ ಚಿಕ ಚಿಕ ಅಂತ ಅದನ್ನೇ ಮಾಡುತ್ತಾನೆ, ಸದ್ದಿನ ಬಣ್ಣ ಬೇರೆ ಅಷ್ಟೇ. ಎರಡರಲ್ಲೂ ಗಿಟಾರ್ ಅರ್ಧ ಚರ್ಮವಾದ್ಯ. ಇದು ತಲೆಗೆ ಹೊಕ್ಕ ದಿನ ನನಗೆ ಈ ಆಲ್ಬಮ್‌ನ ಬೀಗ ತೆಗೆದ ಹಾಗಾಯಿತು. ಅಲ್ಲಿಯವರೆಗೆ ಮೆಟಲ್ ಬಂತು, ಹೋಯಿತು, ಫಂಕ್ ಬಂತು ಅಂತ ಕೇಳುತ್ತಿದ್ದೆ, ಆಮೇಲೆ ಅದು ಒಂದೇ ಮನೆಯವರು ಬೇರೆ ಬೇರೆ ದನಿಯಲ್ಲಿ ಮಾತಾಡುವ ಹಾಗೆ ಕೇಳಿಸತೊಡಗಿತು.

ಒಂದೇ ಮನೆ ಅಂದದ್ದು ಸುಮ್ನೆ ಅಲ್ಲ. ರಾಕ್ ಅಂಡ್ ರೋಲ್ ಹುಟ್ಟಿದ್ದೇ ಅಮೆರಿಕದ ಕಪ್ಪು ಜನರ ಬ್ಲೂಸ್‌, ಗಾಸ್ಪೆಲ್‌ಗಳಿಂದ, ಜಾಜ್ ಮತ್ತು ಫಂಕ್ ಕೂಡ ಅವರದ್ದೇ. ಆದರೂ 80ರ ದಶಕದ ಹೊತ್ತಿಗೆ ಅಲ್ಲಿಯ ರೇಡಿಯೋ ಮತ್ತು ರೆಕಾರ್ಡ್ ಕಂಪನಿಗಳ ಲೆಕ್ಕದಲ್ಲಿ ರಾಕ್ ಅಂದರೆ ಬಿಳಿಯರದ್ದು, ಕಪ್ಪು ಹುಡುಗರು ಗಿಟಾರ್ ಗರಗರ ಅನ್ನಿಸಿದರೆ ‘ಇದನ್ನು ಯಾರಿಗೆ ಮಾರುವುದು’ ಅಂತ ಕೇಳುತ್ತಿದ್ದರು. ಅದಕ್ಕೇ ರೀಡ್, ಬರಹಗಾರ ಗ್ರೆಗ್ ಟೇಟ್ ಮತ್ತು ಕೋಂಡಾ ಮೇಸನ್ ಸೇರಿ 1985ರಲ್ಲಿ ನ್ಯೂಯಾರ್ಕ್‌ನಲ್ಲಿ ‘ಬ್ಲ್ಯಾಕ್ ರಾಕ್ ಕೊಅಲಿಷನ್’ ಎಂಬ ಒಕ್ಕೂಟ ಕಟ್ಟಿದರು. ಲಿವಿಂಗ್ ಕಲರ್ ಬ್ಯಾಂಡಿನ ಮೊದಲ ಆಲ್ಬಮ್ ‘ವಿವಿಡ್’ 1988ರಲ್ಲಿ ಬಂತು, ಅದರ ಎರಡು ಹಾಡುಗಳಿಗೆ ರೋಲಿಂಗ್ ಸ್ಟೋನ್ಸ್ ಗಾಯಕ ಮಿಕ್ ಜ್ಯಾಗರ್ ನಿರ್ಮಾಪಕ. 1989ರಲ್ಲಿ ರೋಲಿಂಗ್ ಸ್ಟೋನ್ಸ್ ಅಮೆರಿಕ ಸುತ್ತಿದಾಗ ಇವರೇ ಮೊದಲು ವೇದಿಕೆ ಹತ್ತುತ್ತಿದ್ದರು. ಅಷ್ಟೆಲ್ಲ ಆದ ಮೇಲೆ ಎರಡನೇ ಆಲ್ಬಮ್‌ಗೆ ‘ಕಲ್ಟ್ ಆಫ್ ಪರ್ಸನಾಲಿಟಿ’ ತರಹದ್ದೇ ಹತ್ತು ಹಾಡು ಮಾಡಿ ಕೊಟ್ಟಿದ್ದರೆ ಆರಾಮಾಗಿ ಮಾರಾಟ ಆಗುತ್ತಿತ್ತು. ಮಾಡಲಿಲ್ಲ. ಅದಕ್ಕೇ ನನಗೆ ಇವರು ಇಷ್ಟ.

ಮೂರನೇ ದಿನ ಸಾಹಿತ್ಯ ಎದುರಿಗಿಟ್ಟುಕೊಂಡು ‘ಎಲ್ವಿಸ್ ಈಸ್ ಡೆಡ್’ ಕೇಳಿ. ಇದಕ್ಕೆ ಸ್ವಲ್ಪ ಹಿನ್ನೆಲೆ ಬೇಕು. ರಾಕ್ ಅಂಡ್ ರೋಲ್ ಗಾಯಕ ಎಲ್ವಿಸ್ ಪ್ರೀಸ್ಲಿ ತೀರಿಕೊಂಡಿದ್ದು 1977ರಲ್ಲಿ. ಆದರೆ ಎಲ್ವಿಸ್ ಅಲ್ಲಿ ಕಂಡ, ಇಲ್ಲಿ ಬರ್ಗರ್ ತಿಂದ ಅಂತ ಅಮೆರಿಕದ ಅಗ್ಗದ ಪತ್ರಿಕೆಗಳು ವರ್ಷಗಟ್ಟಲೆ ಬರೆಯುತ್ತಲೇ ಇದ್ದವು. ಆ ಹುಚ್ಚಿನ ಮೇಲೆ ಹಾಡು. ಮೇಲ್ನೋಟಕ್ಕೆ ತಮಾಷೆ, ಒಳಗೆ ಚೂರಿ ಇದೆ. ಹಾಡಿನ ನಡುವೆ ಒಬ್ಬ ಅಜ್ಜ ಗಟ್ಟಿ ದನಿಯಲ್ಲಿ ಮಾತಾಡಿದ ಹಾಗೆ ರ‍್ಯಾಪ್ ಮಾಡುತ್ತಾನಲ್ಲ, ಅವನು ಲಿಟ್ಲ್ ರಿಚರ್ಡ್. 50ರ ದಶಕದಲ್ಲಿ ರಾಕ್ ಅಂಡ್ ರೋಲ್‌ಗೆ ಬೆಂಕಿ ಹಚ್ಚಿದವರಲ್ಲಿ ಒಬ್ಬ, ಅವನ ‘ಟುಟ್ಟಿ ಫ್ರುಟ್ಟಿ’ಯನ್ನು ಎಲ್ವಿಸ್ 1956ರ ತನ್ನ ಮೊದಲ ಆಲ್ಬಮ್‌ನಲ್ಲಿ ಹಾಡಿದ. ಅಂದರೆ ಎಲ್ವಿಸ್‌ನನ್ನು ರಾಜ ಅಂತ ಹೊತ್ತು ಮೆರೆಸುವುದರ ಬಗ್ಗೆ ಮಾತಾಡಲು, ಆ ರಾಜ್ಯ ಕಟ್ಟಿದವನನ್ನೇ ಕರೆದು ತಂದಿದ್ದಾರೆ. ಸ್ಯಾಕ್ಸೊಫೋನ್ ಮೇಸಿಯೋ ಪಾರ್ಕರ್‌ದು, ಜೇಮ್ಸ್ ಬ್ರೌನ್ ತಂಡದಲ್ಲಿದ್ದವನು. ‘ಒಂದು’ ಅಂದರೇನು ಅಂತ ಇವನ ಸ್ಯಾಕ್ಸ್ ಕೇಳಿ ಕಲಿಯಿರಿ, ಉದ್ದುದ್ದ ಎಳೆಯುವುದಿಲ್ಲ, ಸಾಸಿವೆ ಸಿಡಿದ ಹಾಗೆ ಚಿಕ್ಕ ಚಿಕ್ಕ ತುಂಡು. ಕೊನೆಯ ಹತ್ತಿರ ಇನ್ನೊಂದು ಚೇಷ್ಟೆ ಇದೆ. ಪಾಲ್ ಸೈಮನ್ ತನ್ನ ‘ಗ್ರೇಸ್‌ಲ್ಯಾಂಡ್’ ಹಾಡಿನಲ್ಲಿ ಎಲ್ವಿಸ್ ಮನೆಗೆ ನಮ್ಮೆಲ್ಲರಿಗೂ ಸ್ವಾಗತ ಸಿಗುತ್ತೆ ಅಂತ ನಂಬುತ್ತಾನೆ. ಗ್ಲೋವರ್ ಅದೇ ಸಾಲಿಗೆ ಒಂದು ‘ಇಲ್ಲ’ ಸೇರಿಸಿ ಹಾಡುತ್ತಾನೆ. ಒಂದೇ ಪದ. ಸಾಹಿತ್ಯ ನೋಡದಿದ್ದರೆ ಗೊತ್ತೇ ಆಗುವುದಿಲ್ಲ.

ಅದೇ ದಿನ ‘ಪ್ರೈಡ್’ ಮತ್ತು ‘ನ್ಯೂ ಜಾಕ್ ಥೀಮ್’ ಸಾಹಿತ್ಯವನ್ನೂ ಓದಿಬಿಡಿ. ಶಾಲೆಯಲ್ಲಿ ಹೇಳಿಕೊಡುವ ಚರಿತ್ರೆಯಲ್ಲಿ ನಾವು ಎಲ್ಲಿದ್ದೀವಿ ಅನ್ನುವ ಸಿಟ್ಟು ಮೊದಲನೆಯದು. ಅದಕ್ಕಿಂತ ಮುಂಚೆ, ಎರಡನೆಯದಾಗಿ ಬರುವ ‘ಹಿಸ್ಟರಿ ಲೆಸನ್’ ಎಂಬ ಪುಟ್ಟ ಮಾತು ಯಾಕಿದೆ ಅಂತ ಆಗ ಹೊಳೆಯುತ್ತದೆ, ಅದು ಹಾಡಿನ ಪೀಠಿಕೆ. ಎರಡನೆಯದು ಬೀದಿಯಲ್ಲಿ ಡ್ರಗ್ಸ್ ಮಾರುವವನ ಬಾಯಲ್ಲಿ ಬರುವ ಹಾಡು. ಅವನಿಗೆ ಪಶ್ಚಾತ್ತಾಪ ಇಲ್ಲ, ದುಡ್ಡಿನ ಲೆಕ್ಕ ಹೇಳಿ ಹೆಮ್ಮೆ ಪಡುತ್ತಾನೆ, ಬ್ಯಾಂಡ್ ಅವನಿಗೆ ಬುದ್ಧಿ ಹೇಳಲು ಹೋಗುವುದಿಲ್ಲ. ಕೇಳುವವರೇ ಇರುಸುಮುರುಸು ಪಡಬೇಕು.

ನಾಲ್ಕನೇ ದಿನಕ್ಕೆ ಡ್ರಮ್ಸ್. ಸ್ನೇರ್‌ನ ದೊಡ್ಡ ಪೆಟ್ಟು ಎಲ್ಲಿ ಅಂತ ಈಗ ನಿಮಗೆ ಗೊತ್ತು. ಅವುಗಳ ನಡುವೆ ಕ್ಯಾಲ್ಹೂನ್ ಹಾಕುವ ಸಣ್ಣ ಸಣ್ಣ ಪೆಟ್ಟುಗಳನ್ನು ಹುಡುಕಿ, ಕಡ್ಡಿಯನ್ನು ಚರ್ಮದ ಮೇಲೆ ಬೀಳಿಸಿದ ಹಾಗೆ ಇರುತ್ತವೆ, ಕೇಳಿಯೂ ಕೇಳದ ಹಾಗೆ. ಮೃದಂಗದವರು ದೊಡ್ಡ ಸೊಲ್ಲುಗಳ ನಡುವೆ ಬೆರಳಾಡಿಸುವುದನ್ನು ನೋಡಿದವರಿಗೆ ಇದು ಬೇಗ ಸಿಗುತ್ತದೆ. ಜಾಜ್ ಕೈ ಅಂದರೆ ಏನು ಅಂತ ತಿಳಿಯಬೇಕಾದರೆ ಒಂದು ಅಭ್ಯಾಸ ಹೇಳುತ್ತೇನೆ: ತಿಶ್ರ ನಡೆಯಲ್ಲಿ, ಅಂದರೆ ಒಂದು ಎಣಿಕೆಗೆ ಮೂರು ಅಕ್ಷರದಂತೆ, ತಕಿಟ ತಕಿಟ ಹೇಳುತ್ತಾ, ‘ಕಿ’ ನುಂಗಿ ಬರೀ ‘ತ’ ಮತ್ತು ‘ಟ’ ಮೇಲೆ ಮೇಜು ತಟ್ಟಿ. ತ..ಟ ತ..ಟ ಅಂತ ತೂಗಾಡುವ ನಡೆ ಬಂತಲ್ಲ, ಜಾಜ್‌ನಲ್ಲಿ ಸ್ವಿಂಗ್ ಅನ್ನುವುದು ಹತ್ತಿರ ಹತ್ತಿರ ಇದನ್ನೇ. ರಾಕ್ ಡ್ರಮ್ಮರ್ ಸಾಮಾನ್ಯವಾಗಿ ಇದನ್ನು ಚತುರಶ್ರದಲ್ಲಿ, ಅಂದರೆ ಎಣಿಕೆಯನ್ನು ನಾಲ್ಕು ಸಮ ಭಾಗ ಮಾಡಿ, ನೇರವಾಗಿ ಹೊಡೆಯುತ್ತಾನೆ. ಜಾಜ್ ಕಲಿತ ಕೈ ನೇರವಾದ ಹಾಡಿಗೂ ಒಂದು ಚೂರು ತೂಗಾಟ ಸೇರಿಸುತ್ತದೆ. ಎಲ್ಲ ಕಡೆ ಸಿಗುತ್ತೆ ಅಂತ ಅಂದುಕೊಳ್ಳಬೇಡಿ, ಸಿಕ್ಕಾಗ ಮಾತ್ರ ಭುಜ ತಾನಾಗಿ ಅಲ್ಲಾಡುತ್ತದೆ.

ಈಗ ಮೊದಲ ಹಾಡಿಗೆ ಹೋಗಬಹುದು. ‘ಟೈಮ್ಸ್ ಅಪ್’ ಹಾಡು ಹಾರ್ಡ್‌ಕೋರ್ ಪಂಕ್, ಅಂದರೆ ಪಂಕ್ ರಾಕ್‌ನ ಅತಿ ಬಿರುಸಿನ ಬಗೆಯ, ವೇಗದ್ದು, ಇದರ ಹಿಂದೆ ವಾಷಿಂಗ್ಟನ್ನಿನ ‘ಬ್ಯಾಡ್ ಬ್ರೇನ್ಸ್’ ತಂಡದ ನೆರಳಿದೆ. ಅವರೂ ಕಪ್ಪು ಹುಡುಗರು, ಜಾಜ್ ಫ್ಯೂಷನ್ ತಂಡವಾಗಿ ಶುರು ಮಾಡಿ ಪಂಕ್‌ಗೆ ತಿರುಗಿದವರು. ಹಾಡಿನ ವಿಷಯ ನದಿ, ಕಾಡು ಹಾಳಾಗುತ್ತಿರುವುದು, ಹೊತ್ತು ಮುಗಿಯುತ್ತಿದೆ ಅನ್ನುವುದು. ತುಂಬ ಜೋರು ಅನ್ನಿಸಿದರೆ ಒಂದು ಉಪಾಯ ಇದೆ. ವಿಡಿಯೋ ಆ್ಯಪ್‌ಗಳಲ್ಲಿ ವೇಗವನ್ನು 0.75ಕ್ಕೆ ಇಳಿಸಬಹುದು, ಶ್ರುತಿ ಕೆಡುವುದಿಲ್ಲ. ಒಮ್ಮೆ ಹಾಗೆ ಕೇಳಿ, ಬೇಸ್ ಎಲ್ಲಿದೆ ಅಂತ ಹಿಡಿದುಕೊಳ್ಳಿ, ಆಮೇಲೆ ಮಾಮೂಲಿ ವೇಗಕ್ಕೆ ವಾಪಸ್ ಬನ್ನಿ. ಗಲಾಟೆ ಅಂದುಕೊಂಡಿದ್ದು ನಾಲ್ಕು ಜನ ಒಟ್ಟಿಗೆ ಹಗ್ಗದ ಮೇಲೆ ಓಡುತ್ತಿರುವುದು ಅಂತ ಕಾಣುತ್ತದೆ. ಉಪಾಯವನ್ನು ಎಲ್ಲ ಹಾಡಿಗೂ ಹಚ್ಚಬೇಡಿ, ನಿಧಾನದ ಹಾಡು ಇನ್ನೂ ನಿಧಾನ ಆದರೆ ನಿದ್ದೆ ಬರುತ್ತದೆ.

ಗಿಟಾರ್ ಸೋಲೋವನ್ನು ಇಷ್ಟು ದಿನ ತಡೆಹಿಡಿದಿದ್ದಕ್ಕೆ ಕಾರಣ ಇದೆ. ರೀಡ್‌ನ ಸೋಲೋಗಳು ಮೊದಲ ಸಲ ಕೇಳಿದವರಿಗೆ ಅಪಸ್ವರ ಅನ್ನಿಸುತ್ತವೆ. ಸಿಕ್ಕಾಪಟ್ಟೆ ವೇಗ, ನಡುವೆ ಹಾಡಿನ ಸ್ವರಗಳನ್ನು ಬಿಟ್ಟು ಹೊರಗೆ ಹೋಗುವುದು, ಒಮ್ಮೊಮ್ಮೆ ಗಿಟಾರ್ ಕಿರುಚುವುದು, ಕುದುರೆ ಕೆನೆದ ಹಾಗೆ. ನನ್ನ ತಮ್ಮ ಒಮ್ಮೆ ಕೇಳಿ ‘ಅಣ್ಣಾ, ಶ್ರುತಿ ಸರಿ ಮಾಡ್ಕೊಳ್ಳದೆ ಶುರು ಮಾಡ್ಬಿಟ್ನಾ ಇವ್ನು?’ ಅಂದಿದ್ದ. ಶ್ರುತಿ ಸರಿಯಾಗೇ ಇದೆ. ಆರ್ನೆಟ್ ಕೋಲ್ಮನ್ ಕಡೆಯ ಜಾಜ್‌ನಲ್ಲಿ ಸೋಲೋ ನುಡಿಸುವವನು ಕೆಳಗಿನ ಕಾರ್ಡ್‌ಗಳ ಹಿಂದೆ ಕೈಕಟ್ಟಿ ನಡೆಯಬೇಕಾಗಿಲ್ಲ, ತನ್ನ ರಾಗವನ್ನು ತಾನೇ ಎಳೆದುಕೊಂಡು ಹೋಗಬಹುದು. ರೀಡ್ ಬಂದದ್ದು ಆ ಗರಡಿಯಿಂದ. ಆ ಜಾಜ್ ಕಲಿಕೆಯನ್ನು ಮೆಟಲ್‌ನ ಡಿಸ್ಟಾರ್ಷನ್ ಒಳಗೆ ತುಂಬಿದರೆ ಈ ಸದ್ದು ಬರುತ್ತದೆ.

ಹಾಗಾದರೆ ಕೇಳುವುದು ಹೇಗೆ? ಸೋಲೋ ಶುರುವಾದ ಕೂಡಲೇ ಕಿವಿಯನ್ನು ಬೇಸ್ ಮೇಲೆ ಇಡಿ, ಕೈಯಲ್ಲಿ ತಾಳ ಬಿಡಬೇಡಿ. ಗಿಟಾರ್ ಏನು ಬೇಕಾದರೂ ಹೇಳಿಕೊಳ್ಳಲಿ. ಸ್ವರ ಗುರುತಿಸಲು ಹೋಗಬೇಡಿ, ಜಗಳ ಆಡುತ್ತಿರುವವರ ಮಾತಿನ ಏರಿಳಿತ ಪಕ್ಕದ ಮನೆಯಿಂದ ಕೇಳಿದ ಹಾಗೆ ಕೇಳಿ, ಪದ ತಿಳಿಯದಿದ್ದರೂ ಯಾವಾಗ ಸಿಟ್ಟು, ಯಾವಾಗ ಗೋಳು ಅಂತ ಗೊತ್ತಾಗುತ್ತಲ್ವಾ. ಎಲ್ಲಿ ಬಂದು ಇಳಿಯುತ್ತಾನೆ ಅಂತ ಮಾತ್ರ ಕಾಯಿರಿ. ಅವನು ಇಳಿದ ಜಾಗ ನಿಮ್ಮ ಕೈಯ ಪೆಟ್ಟಿಗೆ ಸರಿಯಾಗಿ ಬಿದ್ದಾಗ ನಗು ಬರುತ್ತದೆ. ಅಲ್ಲಿಗೆ ನಿಮಗೆ ಆಲ್ಬಮ್ ಅರ್ಧ ಸಿಕ್ಕಿತು ಅಂತ ಲೆಕ್ಕ. ಇದನ್ನು ‘ಇನ್ಫರ್ಮೇಶನ್ ಓವರ್‌ಲೋಡ್’ನಿಂದ ಶುರು ಮಾಡಬೇಡಿ ಅಂತ ಮಾತ್ರ ಎಚ್ಚರಿಸುತ್ತೇನೆ, ಅದರಲ್ಲಿ ಗಿಟಾರ್ ಬೇಕೆಂದೇ ಮಷೀನ್ ಕೆಟ್ಟ ಹಾಗೆ ಅರಚುತ್ತದೆ. ಮಾಹಿತಿಯ ಹೊಳೆಯಲ್ಲಿ ತಲೆ ಕೊಚ್ಚಿಹೋಗುವ ಬಗ್ಗೆ 1990ರಲ್ಲೇ ಹಾಡಿದ್ದರು, ಸ್ಮಾರ್ಟ್‌ಫೋನ್ ಬಿಡಿ, ಮನೆಗಳಲ್ಲಿ ಇಂಟರ್ನೆಟ್ಟೇ ಇಲ್ಲದ ಕಾಲ.

ಇನ್ನು ಚಿಲ್ಲರೆ ಐಟಂಗಳು. ‘ಆಲಜಿ’ ಅಂತ ಒಂದು ಪುಟ್ಟ ಬೇಸ್ ತುಣುಕು ಇದೆ, ಬೇಸ್ ಹಿಂಬಾಲಿಸಿ ಬಂದವರಿಗೆ ಅದು ಬಹುಮಾನ. ‘ಟ್ಯಾಗ್ ಟೀಮ್ ಪಾರ್ಟ್‌ನರ್ಸ್’ನಲ್ಲಿ ರ‍್ಯಾಪರ್ ಡಗ್ ಇ ಫ್ರೆಶ್ ಬಾಯಲ್ಲೇ ಬೀಟ್ ಹಾಕುತ್ತಾನೆ, ಕೊನ್ನಕ್ಕೋಲ್ ಕೇಳಿ ಬೆಳೆದವರಿಗೆ ಬಾಯಿಯಲ್ಲಿ ತಾಳ ಹೊಸದೇನಲ್ಲ. ಇಂಥವನ್ನು ದಾಟಿಸಿ ಹೋಗಬೇಡಿ, ಊಟದ ನಡುವೆ ಉಪ್ಪಿನಕಾಯಿ ಇದ್ದ ಹಾಗೆ, ನಾಲಿಗೆ ಬದಲಾಯಿಸುತ್ತವೆ. ‘ಅಂಡರ್ ಕವರ್ ಆಫ್ ಡಾರ್ಕ್‌ನೆಸ್’ನಲ್ಲಿ ಕ್ವೀನ್ ಲತೀಫಾ ರ‍್ಯಾಪ್ ಇದೆ, ರಾತ್ರಿ ಲೈಟ್ ಆರಿಸಿ ಕೇಳಿದರೆ ಚೆನ್ನ. ‘ಫೈಟ್ ದ ಫೈಟ್’ ನನಗೆ ಅಷ್ಟಕ್ಕಷ್ಟೇ, ಇಷ್ಟು ವರ್ಷ ಆದರೂ ಹಿಡಿಸಿಲ್ಲ. ನಿಮಗೆ ಹಿಡಿಸಿದರೆ ಸಂತೋಷ.

ಐದನೇ ದಿನ, ಇಲ್ಲ ಭಾನುವಾರ ಮಧ್ಯಾಹ್ನ, ಊಟ ಮಾಡಿ ಕೂತು ಒಂದರಿಂದ 15ರವರೆಗೆ ಒಂದೇ ಉಸಿರಿಗೆ ಕೇಳಿ. ಗಾಡಿ ಓಡಿಸುತ್ತಾ ಬೇಡ, ಮೊದಲ ಹಾಡಿಗೇ ಆಕ್ಸಿಲರೇಟರ್ ತಿರುವುತ್ತೀರಿ. ಫೋನನ್ನು ಬೋರಲು ಹಾಕಿ. ಈ ಸಲ ಏನನ್ನೂ ಹುಡುಕಬೇಡಿ, ತಾಳವನ್ನೂ ಬೇಕಾದರೆ ಬಿಡಿ, ಕೈ ತಾನಾಗಿ ಹಾಕುತ್ತೆ. ಇಷ್ಟು ಹೊತ್ತಿನ ಸಿಟ್ಟು, ಚೇಷ್ಟೆ, ಗಲಾಟೆ ಎಲ್ಲ ಆದ ಮೇಲೆ 14ನೆಯದಾಗಿ ‘ಸೊಲೆಸ್ ಆಫ್ ಯು’ ಬರುತ್ತದೆ. ಆಫ್ರಿಕಾದ ಗಿಟಾರ್ ಶೈಲಿ, ತೊರೆ ನೀರಿನ ಹಾಗೆ ಸಣ್ಣಗೆ ಹರಿಯುವುದು. ಅದನ್ನು ಒಂಟಿಯಾಗಿ ಕೇಳಿದರೆ ಒಂದು ಒಳ್ಳೆಯ ಹಾಡು, ಅಷ್ಟೇ. 13 ಟ್ರ್ಯಾಕ್ ದಾಟಿ ಬಂದು ಕೇಳಿದರೆ ಬಿಸಿಲಲ್ಲಿ ನಡೆದು ಬಂದವರಿಗೆ ಯಾರೋ ಮಜ್ಜಿಗೆ ಕೊಟ್ಟ ಹಾಗೆ. ಷಫಲ್ ಆಫ್ ಮಾಡಿ ಅಂತ ಮೊದಲೇ ಹೇಳಿದ್ದು ಮುಖ್ಯವಾಗಿ ಈ ಜಾಗಕ್ಕೋಸ್ಕರ. ಅದರ ಬೆನ್ನಿಗೆ ‘ದಿಸ್ ಈಸ್ ದ ಲೈಫ್’, ನಿಧಾನ, ಭಾರ. ಬೇರೆ ಬದುಕಿನಲ್ಲಿ ನೀನು ಏನೇನೋ ಆಗಿರಬಹುದಿತ್ತು, ಆದರೆ ನಿನಗೆ ಸಿಕ್ಕಿದ್ದು ಇದು ಅನ್ನುವ ಹಾಡು.

ಆಲ್ಬಮ್‌ಗೆ 1991ರಲ್ಲಿ ಗ್ರ್ಯಾಮಿ ಬಂತು, ಹಾರ್ಡ್ ರಾಕ್ ವಿಭಾಗದಲ್ಲಿ. ಅದಕ್ಕೆ ಹಿಂದಿನ ವರ್ಷ ‘ಕಲ್ಟ್ ಆಫ್ ಪರ್ಸನಾಲಿಟಿ’ಗೂ ಅದೇ ಪ್ರಶಸ್ತಿ ಬಂದಿತ್ತು. 1992ರಲ್ಲಿ ಸ್ಕಿಲ್ಲಿಂಗ್ಸ್ ಬ್ಯಾಂಡ್ ಬಿಟ್ಟ. ಅವನ ಜಾಗಕ್ಕೆ ಬಂದ ಡಗ್ ವಿಂಬಿಶ್, ಹಿಪ್‌ಹಾಪ್‌ನ ಶುರುವಿನ ದಿನಗಳಲ್ಲಿ ಶುಗರ್ ಹಿಲ್ ರೆಕಾರ್ಡ್ಸ್‌ಗೆ ಬೇಸ್ ನುಡಿಸುತ್ತಿದ್ದವನು. ಅವನಿರುವ ‘ಸ್ಟೇನ್’ 1993ರದ್ದು, ಇದಕ್ಕಿಂತ ಕತ್ತಲೆ, ಇದಕ್ಕಿಂತ ಗಡಸು. ಮುಂದಿನ ವಾರಕ್ಕೆ ಅದನ್ನು ಇಟ್ಟುಕೊಳ್ಳಿ, ಇಯರ್‌ಫೋನ್ ಅದೇ ಸಾಕು, ಮತ್ತೆ ಬೇಸ್‌ನಿಂದಲೇ ಶುರು ಮಾಡಿ.